ನಮ್ಮವರ ದರ

ನಮ್ಮ ಮಹಡಿಯಲ್ಲಿ ಕನ್ನಡದ ಬಾಗಿಲು ಎರಡಿದ್ದವು, ಎದುರುಬದುರು. ಒಂದರ ಹಿಂದೆ ನಾನು ಮತ್ತು ನಮ್ಮ ಯಜಮಾನರು, ಇನ್ನೊಂದರ ಹಿಂದೆ ಆಕೆ, ಒಬ್ಬಳೇ. ಹಡಪಸರದ ಈ ಕಟ್ಟಡದಲ್ಲಿ ಉಳಿದವರೆಲ್ಲ ಮರಾಠಿ ಮಂದಿ. ಅವರ ಲೆಕ್ಕಕ್ಕೆ ನಾವಿಬ್ಬರೂ ಒಂದೇ, 'ಕಾನಡಿ' ಹೆಂಗಸರು. ನಮ್ಮ ಲೆಕ್ಕ ಬೇರೆಯಿತ್ತು. ನಾನು ಬಾಗಲಕೋಟೆ ಕಡೆಯವಳು, ಆಕೆ ತುಮಕೂರಿನವಳು. ಮನೆಗೆ ಬಂದ ಮೊದಲ ವಾರವೇ ಸ್ಟೀಲಿನ ಬಟ್ಟಲು ಹಿಡಿದು ನಮ್ಮ ಬಾಗಿಲಲ್ಲಿ ನಿಂತು, "ಆಂಟಿ, ಸ್ವಲ್ಪ ಹೆಪ್ಪು ಕೊಡ್ತೀರಾ?" ಎಂದಳು.

"ಹೆಪ್ಪು ಕೊಡ್ತೀನಿ. ಆದ್ರ ಆಂಟಿ ಅನಬ್ಯಾಡ, ನನಗ ಸಿಟ್ಟು ಬರ್ತದ."

"ಮತ್ತೆ ಏನನ್ಲಿ?"

"ಅಕ್ಕ ಅನ್ನು."

ಅಂದಿನಿಂದ ನಾನು ಅಕ್ಕ, ನಮ್ಮ ಯಜಮಾನರು ಭಾವ. ಆಕೆಗೆ ಆಗ ನಲವತ್ತು ದಾಟಿತ್ತು, ಮದುವೆಯ ಗೊಡವೆಗೆ ಹೋಗಿರಲಿಲ್ಲ. ಕುರಕುಂಭದ ಕೆಮಿಕಲ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿಸಿಕೊಂಡು ಹೋದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ತಂದು ಇಳಿಸುತ್ತಿತ್ತು. ಅಷ್ಟು ದೂರದ ಹಾದಿಯಲ್ಲಿ ಎಲ್ಲರೂ ತೂಕಡಿಸುತ್ತಾರೆ, ಈಕೆ ಪುಸ್ತಕ ಓದುತ್ತಿದ್ದಳು. "ಯವತ್ ತನಕ ರೋಡ್ ಚೆನ್ನಾಗಿದೆ ಅಕ್ಕ, ಆಮೇಲೆ ಅಕ್ಷರ ಕುಣಿಯತ್ತೆ" ಎನ್ನುತ್ತಿದ್ದಳು.

ನನಗೂ ಓದುವ ಹುಚ್ಚು. ಆದರೆ ಮದುವೆಯಾಗಿ ಪುಣೆಗೆ ಬಂದ ಮೇಲೆ ಕನ್ನಡ ಪುಸ್ತಕ ಸಿಗುವುದೇ ಅಪರೂಪವಾಗಿ, ಸಿಕ್ಕರೂ ಅದರ ಬಗ್ಗೆ ಮಾತಾಡಲು ಯಾರೂ ಇಲ್ಲದೆ, ಹುಚ್ಚು ಹಾಗೇ ಬೂದಿ ಮುಚ್ಚಿಕೊಂಡು ಕೂತಿತ್ತು. ಆಕೆ ಬಂದು ಊದಿದಳು. ಪ್ರತಿ ಭಾನುವಾರ ಅವಲಕ್ಕಿ ತಿಂದಾದ ಮೇಲೆ ಎರಡು ಕುರ್ಚಿಗಳನ್ನು ಬಾಗಿಲುಗಳ ನಡುವಿನ ಜಾಗಕ್ಕೆ ಎಳೆದುಕೊಂಡು ಕೂಡುತ್ತಿದ್ದೆವು. ಅಲ್ಲಿ ಮೆಟ್ಟಿಲ ಕಡೆಯ ಕಿಟಕಿಯಿಂದ ಗಾಳಿ ಚೆನ್ನಾಗಿ ಬರುತ್ತದೆ. ಒಂದೇ ಪುಸ್ತಕ, ಜೋರಾಗಿ ಓದುವುದು. ಕನ್ನಡವಾದರೆ ನನ್ನ ಪಾಳಿ, ಇಂಗ್ಲಿಷಾದರೆ ಆಕೆಯ ಪಾಳಿ. ನಾನು ಓದುವಾಗ ದಕ್ಷಿಣದ ಕಾದಂಬರಿಯ ಪಾತ್ರಗಳೆಲ್ಲ ನನ್ನ ಬಾಯಲ್ಲಿ ಬಾಗಲಕೋಟೆಯವರಾಗಿಬಿಡುತ್ತಿದ್ದವು, ಆಕೆ ಹೊಟ್ಟೆ ಹಿಡಿದು ನಗುತ್ತಿದ್ದಳು. ಮೇಲಿನ ಮನೆಯ ಮರಾಠಿ ಅಜ್ಜಿ ಮೆಟ್ಟಿಲಿಳಿಯುತ್ತ ನಿಂತು ಕೇಳಿ, ಒಂದಕ್ಷರ ತಿಳಿಯದಿದ್ದರೂ ನಮ್ಮ ಜೊತೆ ನಕ್ಕು ಹೋಗುತ್ತಿದ್ದಳು.

ನಮ್ಮ ಜಗಳವೆಲ್ಲ ಪೆನ್ಸಿಲಿನದು. ಆಕೆಗೆ ಹಿಡಿಸಿದ ಸಾಲಿನ ಕೆಳಗೆ ಗೆರೆ ಎಳೆಯುವ ಚಟ.

"ಪುಸ್ತಕ ಅಂದ್ರ ಸರಸ್ವತಿ. ಸರಸ್ವತಿ ಮೈಮ್ಯಾಲೆ ಯಾರರ ಗೀಚತಾರೇನು?" ಎಂದು ಬೈಯುತ್ತಿದ್ದೆ.

"ಪೆನ್ಸಿಲ್ ಅಲ್ವಾ ಅಕ್ಕ, ಸರಸ್ವತಿ ಬೇಜಾರು ಮಾಡ್ಕೊಳಲ್ಲ."

ಬೈದವಳು ನಾನೇ. ವಾರದ ನಡುವೆ ಪುಸ್ತಕ ನನ್ನ ಕೈಗೆ ಬಂದಾಗ ಮೊದಲು ಆ ಗೆರೆಗಳನ್ನು ಹುಡುಕುತ್ತಿದ್ದವಳೂ ನಾನೇ. ಈ ಸಾಲು ಈಕೆಗೆ ಯಾಕೆ ಹಿಡಿಸಿತು ಎಂದು ಯೋಚಿಸುತ್ತ ಒಲೆಯ ಮೇಲಿನ ಹಾಲು ಉಕ್ಕಿಸಿದ್ದೂ ಉಂಟು.

ಇನ್ನು ನಮ್ಮ ಅಂಗಡಿಯ ವಿಷಯ ಹೇಳಬೇಕು, ಅದಿಲ್ಲದೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಯಜಮಾನರದು ಪೇಠೆಯ ಗಲ್ಲಿಯಲ್ಲಿ ಖಣದ ಅಂಗಡಿ. ಗುಳೇದಗುಡ್ಡದ ಕುಪ್ಪಸದ ಖಣ ಎಂದರೆ ಪುಣೆಯ ಹೆಂಗಸರು ಪ್ರಾಣ ಬಿಡುತ್ತಾರೆ. ನಮ್ಮ ಮಾವನವರ ಕಾಲದಿಂದ ಆ ಅಂಗಡಿಯಲ್ಲಿ ದರ ಎರಡು. ಎಲ್ಲಿಯೂ ಬರೆದು ಹಾಕಿದ್ದಲ್ಲ. ನಮ್ಮ ಸೀಮೆಯಿಂದ ಬಂದು ಇಲ್ಲಿ ಹೊಟ್ಟೆ ಹೊರೆಯುವವರಿಗೆ ಒಂದು, ಉಳಿದವರಿಗೆ ಇನ್ನೊಂದು. ಮೊದಲನೆಯದಕ್ಕೆ 'ನಮ್ಮವರ ದರ' ಎಂದು ಹೆಸರು. ಹೊಸ ಗಿರಾಕಿ ಬಂದರೆ ಯಜಮಾನರು ಲಗುಬಗೆಯಿಂದ ದರ ಹೇಳುವವರಲ್ಲ. "ಬರ್ರಿ, ಕುಂಡ್ರರಿ, ನೀರು ಬೇಕೇನ್ರಿ" ಎಂದು ಎರಡು ಮಾತಾಡಿಸಿ, ಬಂದ ಉತ್ತರ ಕೇಳಿ, ಆಮೇಲೆ ದರ.

ಸಾಸವಡದ ಕಡೆಯಿಂದ ಬರುವ ಒಬ್ಬ ಮರಾಠಿ ಹೆಣ್ಣುಮಗಳು ಈ ಗುಟ್ಟು ಹಿಡಿದುಬಿಟ್ಟಳು. ಪಕ್ಕದಲ್ಲಿ ಕೂತವರ ಮಾತು ಕೇಳಿ ಕೇಳಿ ಕಲಿತಿರಬೇಕು. ಒಂದು ದಿನ ಬಂದವಳೇ ಸೆರಗು ಸರಿಮಾಡಿಕೊಂಡು, "ಭಾಳ ತುಟ್ಟಿ ಆತ್ರಿ. ನಾವೂ ನಿಮ್ಮವರ ಅದೀವ್ರಿ" ಎಂದು ಮರಾಠಿಯ ರಾಗದಲ್ಲಿ ಒಪ್ಪಿಸಿದಳು. ಅಷ್ಟೇ ಆಕೆಗೆ ಬರುತ್ತಿದ್ದ ಕನ್ನಡ. ಯಜಮಾನರು ನಕ್ಕು ನಕ್ಕು ಕಣ್ಣೊರೆಸಿಕೊಂಡು ನಮ್ಮವರ ದರಕ್ಕೇ ಕೊಟ್ಟರು. ಈಗಲೂ ಆಕೆ ಅದೇ ದರಕ್ಕೆ ಒಯ್ಯುತ್ತಾಳೆ. ನಾನು ಅದನ್ನು ಮನಸ್ಸಿನಲ್ಲಿ ಒಂದು ಕಾನೂನಿನಂತೆ ಇಟ್ಟುಕೊಂಡಿದ್ದೆ. ಯಾರು ನಮ್ಮವರು ಎನ್ನುತ್ತಾರೋ ಅವರಿಗೆ ನಮ್ಮವರ ದರ, ಮುಗಿಯಿತು.

ಹೀಗೆ ಇರುತ್ತಿರಲಾಗಿ ಆಕೆಯ ಕಂಪನಿ ಆಕೆಯನ್ನು ಬೆಲ್ಜಿಯಮ್ಮಿನ ತಮ್ಮ ಕಾರ್ಖಾನೆಗೆ ಕಳಿಸಿತು. ಎರಡು ವರ್ಷದ ಮಾತು. ಹೊರಡುವ ದಿನ ಮನೆಯ ಕೀಲಿ ನನ್ನ ಕೈಗೆ ಕೊಟ್ಟಳು. ನಾನು ಅಕ್ಕಿ, ತೆಂಗಿನಕಾಯಿ, ಖಣ ತೆಗೆದಿಟ್ಟು ಉಡಿ ತುಂಬಲು ಕರೆದರೆ ಆಕೆ ಹಿಂದೆ ಸರಿದಳು.

"ಎರಡು ವರ್ಷ ಅಕ್ಕ. ಉಡಿ ಗಿಡಿ ಬೇಡ. ನಮ್ಮಲ್ಲಿ ಮಡಿಲಕ್ಕಿ ಕೊಟ್ಟು ಕಳಿಸೋ ಹಾಗೆ ಆಗತ್ತೆ, ಗಂಡನ ಮನೆಗೆ ಹೊರಟಂಗೆ."

ನನಗೂ ಹೌದೆನಿಸಿತು. ತನ್ನ ಮನೆಗೆ ಹೋಗುವ ಹೆಣ್ಣುಮಗಳಿಗೆ ಉಡಿ ತುಂಬಬೇಕು, ಹೋಗಿ ಬರುತ್ತೇನೆ ಎನ್ನುವವಳಿಗೆ ಯಾಕೆ? ಖಣವನ್ನು ಮಡಿಸಿ ಟ್ರಂಕಿನಲ್ಲಿಟ್ಟೆ. ನೀಲಿ ಒಡಲು, ಕೆಂಪು ಅಂಚು, ಆಕೆಗೆಂದೇ ಆರಿಸಿದ್ದು.

ಆಕೆ ಹೋದ ಮೇಲೆ ಮೊದಲ ಭಾನುವಾರ ಚಟದಿಂದ ಎರಡು ಕುರ್ಚಿ ಎಳೆದೆ. ಒಂದನ್ನು ಮತ್ತೆ ಒಳಗೆ ತಂದಿಟ್ಟೆ. ಅಂದು ಅವಲಕ್ಕಿಗೆ ಉಪ್ಪು ಹಾಕಲು ಮರೆತಿದ್ದೆ, ಯಜಮಾನರು ಏನೂ ಅನ್ನದೆ ತಿಂದರು.

ಭಾನುವಾರ ಫೋನಿನಲ್ಲಿ ಓದೋಣ ಎಂದು ಆಕೆಯೇ ಹೊಳಹು ಕೊಟ್ಟಳು. ಹೋಗುವ ಮೊದಲೇ ನನಗೆ ಒಂದು ಟ್ಯಾಬ್ ಕೊಡಿಸಿ, ತನ್ನ ಪುಸ್ತಕದ ಆ್ಯಪನ್ನು ತನ್ನದೇ ಖಾತೆಯಿಂದ ತೆರೆದುಕೊಟ್ಟಿದ್ದಳು. ಆಕೆ ಅಲ್ಲಿ ಕೊಂಡರೆ ಪುಸ್ತಕ ಇಲ್ಲಿ ನನ್ನ ಟ್ಯಾಬಿನಲ್ಲಿ ಬಂದು ಕೂಡುತ್ತಿತ್ತು. ಆದರೆ ಕೆಲವೇ ವಾರಗಳಲ್ಲಿ ಆಕೆಯ ದನಿ ಸಣ್ಣದಾಯಿತು.

"ಅಕ್ಕ, ಆ್ಯಪ್ ಕೇಳ್ತು, ನೀವು ದೇಶ ಬದಲಾಯಿಸಿದ್ದೀರಾ ಅಂತ. ಹೌದು ಅಂತ ಒತ್ತಿದೆ. ಅವತ್ತಿಂದ ರೇಟೆಲ್ಲ ಬೇರೆ. ಇಲ್ಲಿ ಒಂದು ಪುಸ್ತಕಕ್ಕೆ ಕೊಡೋ ದುಡ್ಡಲ್ಲಿ ಅಲ್ಲಿ ಅರ್ಧ ಡಜನ್ ಬರತ್ತೆ. ಕನ್ನಡದ್ದಂತೂ ಎಷ್ಟೋ ಪುಸ್ತಕಕ್ಕೆ, ನಿಮ್ಮ ದೇಶದಲ್ಲಿ ಇದು ಸಿಗೋದಿಲ್ಲ ಅಂತ ಬರ್ತಿದೆ."

ನನಗೆ ಉರಿಯಿತು. "ನಿನ್ನ ದೇಶ ಅದು ಯಾವಾಗ ಆತು? ಕೇಳಿದ್ದಕ್ಕೆಲ್ಲಾ ಹೌದು ಅಂತಾರೇನು, ಹುಚ್ಚಿ? ಹೊಳ್ಳಿ ಹೋಗಿ ಇಲ್ಲಾ ಅನ್ನು."

"ಅದಕ್ಕೆ ಇಂಡಿಯಾ ಅಡ್ರೆಸ್ ಬೇಕು. ನನ್ನ ಮನೆ ಬೀಗ ಹಾಕಿದೆ. ಯಾರಾದ್ರೂ ಕೇಳಿದ್ರೆ?"

"ನಮ್ಮನಿದು ಹಾಕು. ಕೇಳಿದ್ರ ಒಳಗ ಮಲಗ್ಯಾಳ ಅಂತೀನಿ."

ನಕ್ಕಳು. ಆದರೆ ಆಕೆ ಲ್ಯಾಬಿನವಳು, ಒಂದು ಹನಿ ಹೆಚ್ಚುಕಡಿಮೆಯಾದರೂ ನಿದ್ದೆ ಬರದವಳು. "ಇದು ಸರೀನಾ ಅಕ್ಕ? ಎಲ್ಲಿ ವಾಸ ಮಾಡ್ತೀರೋ ಅಲ್ಲಿಯ ಅಂಗಡಿಯಿಂದಲೇ ತಗೋಬೇಕು ಅಂತ ರೂಲ್ಸಲ್ಲಿದೆ" ಎಂದಳು.

"ವಾಸ ಅಂದ್ರೇನು? ನಿನ್ನ ಕೀಲಿ ಯಾರ ಕಡೆ ಅದ? ನನ್ನ ಕಡೆ. ನಿನ್ನ ತುಳಸಿಗೆ ನೀರು ಯಾರು ಹಾಕ್ತಾರ? ನಾನು. ನೀ ಹೊಳ್ಳಿ ಬರಾಕಿ ಹೌದಿಲ್ಲೋ?"

"ಹೌದು."

"ಅಂದ್ರ ನೀ ಇಲ್ಲೇ ವಾಸ. ಅಲ್ಲಿ ಕೆಲಸಕ್ಕ ಹೋಗಿ ಅಷ್ಟ. ಕುರಕುಂಭಕ್ಕ ಹೋಗ್ತಿದ್ದಿ, ಈಗ ಒಂಚೂರು ದೂರ."

ಹೀಗೆ ಆಕೆಯ ಹೆಸರು ನಮ್ಮ ಮನೆ ನಂಬರಿಗೆ ಬಂತು. ಅಲ್ಲಿಂದ ಒತ್ತಿದರೆ ಆ್ಯಪಿಗೆ ಗೊತ್ತಾಗುತ್ತದೆ ಎಂದು, ಆಕೆ ಪುಸ್ತಕದ ಹೆಸರು ಹೇಳುವುದು, ಇಲ್ಲಿ ನಾನು ಟ್ಯಾಬಿನಲ್ಲಿ ಗುಂಡಿ ಒತ್ತುವುದು. ದುಡ್ಡು ಆಕೆಯ ಇಲ್ಲಿಯ ಬ್ಯಾಂಕಿನಿಂದ ಹೋಗುತ್ತಿತ್ತು. ನನಗೆ ಇದರಲ್ಲಿ ಕಳ್ಳತನದ ವಾಸನೆಯೂ ಬರಲಿಲ್ಲ. ಪುಸ್ತಕಕ್ಕೆ ದುಡ್ಡು ಕೊಡುತ್ತಿದ್ದೇವೆ, ಪುಕ್ಕಟೆ ಇಳಿಸಿಕೊಳ್ಳುವವರು ಊರ ತುಂಬ ಇದ್ದಾರೆ. ನಿಜ ಹೇಳಬೇಕೆಂದರೆ ಅಗ್ಗದ ಬೆಲೆ ನನಗೆ ಒಂದು ನೆವ. ಭಾರತ, ಪುಣೆ, ಹಡಪಸರ, ನಮ್ಮ ಮನೆ ನಂಬರು, ಅದರ ಮೇಲೆ ಆಕೆಯ ಹೆಸರು. ಅದನ್ನು ಪರದೆಯ ಮೇಲೆ ನೋಡುವುದೇ ನನಗೆ ಒಂದು ಸಮಾಧಾನವಾಗಿತ್ತು.

ಇದನ್ನು ಊಟದ ಹೊತ್ತಿಗೆ ಯಜಮಾನರಿಗೆ ಹೆಮ್ಮೆಯಿಂದ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ನಮ್ಮವರ ದರ ಅನ್ನೂದು ಅಂಗಡಿಯಂವ ಕೊಡೂದು. ಗಿರಾಕಿ ತಾನ ಗಲ್ಲಾದಾಗ ಕೈ ಹಾಕಿ ತಗೊಂಡ್ರ ಅದಕ್ಕ ಬ್ಯಾರೆ ಹೆಸರದ."

"ಮತ್ತ ಆ ಸಾಸವಡದಾಕಿಗೆ ಕೊಟ್ರಲ್ಲ?"

"ಕೊಟ್ಟಾಂವ ನಾನು. ಗೊತ್ತಿದ್ದೇ ಕೊಟ್ಟೆ. ನಿಮ್ಮ ಪುಸ್ತಕದಂವಗ ಗೊತ್ತದ ಏನು?"

ಪಲ್ಯದ ಪಾತ್ರೆ ಸ್ವಲ್ಪ ಜೋರಾಗಿ ಕುಕ್ಕಿದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇವರನ್ನು ನೋಡಿಯೇ ಹುಟ್ಟಿರಬೇಕು ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಆ ಭಾನುವಾರಗಳು ಚೆನ್ನಾಗಿದ್ದವು. ಆಕೆಗೆ ಬೆಳಿಗ್ಗೆ ಚಹಾದ ಹೊತ್ತು, ನನಗೆ ಮಧ್ಯಾಹ್ನದ ಊಟ ಮುಗಿದ ಹೊತ್ತು. ಫೋನನ್ನು ಗೋಡೆಗೆ ಆನಿಸಿಟ್ಟು ಒಂದೊಂದು ಅಧ್ಯಾಯ ಓದುತ್ತಿದ್ದೆವು. ಅದಕ್ಕಿಂತ ಚೆನ್ನಾಗಿದ್ದದ್ದು ವಾರದ ನಡುವಿನ ದಿನಗಳು. ಖಾತೆ ಒಂದೇ ಆದ್ದರಿಂದ ಆಕೆ ಅಲ್ಲಿ ಎಳೆದ ಗೆರೆ ಇಲ್ಲಿ ನನ್ನ ಟ್ಯಾಬಿನಲ್ಲಿ ತಿಳಿಹಳದಿಯಾಗಿ ಮೂಡುತ್ತಿತ್ತು. ಬೆಳಿಗ್ಗೆ ದೇವರಿಗೆ ಕೈಮುಗಿದು ಟ್ಯಾಬ್ ತೆರೆದರೆ ರಾತ್ರಿ ಆಕೆ ಎಲ್ಲಿಯತನಕ ಓದಿದಳು, ಎಲ್ಲಿ ನಿಂತಳು ಎಂದು ತಿಳಿಯುತ್ತಿತ್ತು.

ಪುಣೆಯಲ್ಲಿದ್ದಾಗ ಆಕೆ ಗೆರೆ ಎಳೆಯುತ್ತಿದ್ದದ್ದು ಜಾಣತನದ ಮಾತುಗಳ ಕೆಳಗೆ. ಅಲ್ಲಿಗೆ ಹೋದ ಮೇಲೆ ಗೆರೆ ಬೇರೆ ಕಡೆ ಬೀಳತೊಡಗಿತು. ಯಾರೋ ಮಜ್ಜಿಗೆಗೆ ಒಗ್ಗರಣೆ ಹಾಕಿದ ಸಾಲು. ಕೆಳಗಿನ ಮನೆಯವಳು ಮೇಲಿನವಳನ್ನು ಹೆಸರು ಹಿಡಿದು ಕೂಗಿದ ಸಾಲು. ಹೊರಗಿನಿಂದ ಬಂದವರು ಬಾಗಿಲಲ್ಲಿ ಚಪ್ಪಲಿ ಬಿಟ್ಟರು ಎಂಬ, ಯಾವ ವಿಶೇಷವೂ ಇಲ್ಲದ ಸಾಲು. ಫೋನಿನಲ್ಲಿ "ಹೆಂಗಿದ್ದಿ?" ಎಂದರೆ "ಸೂಪರ್ ಅಕ್ಕ" ಎನ್ನುತ್ತಿದ್ದಳು. ಚಪ್ಪಲಿಯ ಸಾಲಿನ ಕೆಳಗಿನ ಗೆರೆ ನೋಡಿ ನಾನು ಅಡುಗೆಮನೆಯಲ್ಲಿ ನಿಂತು ಅತ್ತಿದ್ದೇನೆ. ಆಕೆಯ ಮನೆಯ ಬೀಗ ತೆಗೆದು, ಕಿಟಕಿ ತೆರೆದು ಗಾಳಿ ಆಡಿಸಿ, ಖಾಲಿ ಚಪ್ಪಲಿ ಗೂಡನ್ನೂ ಒರೆಸಿ ಬರುತ್ತಿದ್ದೆ.

ಎರಡು ವರ್ಷ ಆಯಿತು. ಕೆಲಸ ಮುಗಿದಿಲ್ಲ, ಇನ್ನೊಂದು ವರ್ಷ ಎಂದಳು. ಆಗಲಿ ಎಂದೆ. ಆ ವರ್ಷದಲ್ಲೇ ಗೆರೆಗಳು ಮತ್ತೆ ಜಾಗ ಬದಲಿಸಿದವು. ಕಾದಂಬರಿಯಲ್ಲಿ ಒಂದು ಹಬ್ಬದ ಊಟದ ಪುಟ ಬಂತು, ಹೋಳಿಗೆಯಿಂದ ಹಿಡಿದು ಉಪ್ಪಿನಕಾಯಿಯವರೆಗೆ ಎಲ್ಲ ಇತ್ತು. ಒಂದೂ ಗೆರೆಯಿಲ್ಲ. ಓದುವಾಗ ನಿದ್ದೆ ಬಂದಿರಬೇಕು ಎಂದುಕೊಂಡೆ. ಆಕೆಗೆ ಅಲ್ಲಿ ಹೊಟ್ಟೆ ತುಂಬಿರಬಹುದು ಎಂದು ನನಗೆ ಹೊಳೆಯಲಿಲ್ಲ.

ಒಂದು ಭಾನುವಾರ ಪುಸ್ತಕ ತೆರೆಯುವ ಮೊದಲೇ ಆಕೆ ಮಾತು ತೆಗೆದಳು. ಆಕೆ ಇರುವ ಊರಿನಲ್ಲಿ ಒಬ್ಬ ಹೆಂಗಸು ಪುಟ್ಟ ಪುಸ್ತಕದಂಗಡಿ ನಡೆಸುತ್ತಾಳಂತೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ತಾನೇ ಪುಸ್ತಕ ಪ್ರಕಟಿಸುತ್ತಾಳಂತೆ, ನಮ್ಮ ಭಾಷೆಗಳಿಂದ ಇಂಗ್ಲಿಷಿಗೆ ಆದ ಅನುವಾದಗಳನ್ನು ಆ ಕಡೆಯ ದೇಶಗಳಲ್ಲಿ ಮಾರುವ ಹಕ್ಕು ಕೊಂಡು. ನಾವಿಬ್ಬರೂ ಹಿಂದಿನ ಚಳಿಗಾಲದಲ್ಲಿ ಓದಿದ ಒಂದು ಪುಸ್ತಕ ಅಲ್ಲಿ ಆ ಹೆಂಗಸಿನದೇ ಪ್ರಕಟಣೆ. ನಾನು ಇಲ್ಲಿ ಗುಂಡಿ ಒತ್ತಿ ಕೊಂಡದ್ದು ಅದರ ಭಾರತದ ಪ್ರತಿ.

"ಓದಿದೀನಿ, ತುಂಬಾ ಇಷ್ಟ ಆಯ್ತು ಅಂದೆ ಅಕ್ಕ. ಅವರಿಗೆ ಎಷ್ಟು ಖುಷಿ ಆಯ್ತು ಅಂದ್ರೆ, ಕಾಫಿ ಕೊಟ್ರು. ಇಲ್ಲಿ ಅದನ್ನ ಓದಿದೋರು ಬೆರಳೆಣಿಕೆಯಷ್ಟು, ನೀವೊಬ್ರು ಅಂದ್ರು. ನಾನು ಅವರ ಅಂಗಡಿಯಿಂದ ತಗೊಂಡಿಲ್ಲ ಅಂತ ಹೇಳಕ್ಕೆ ಬಾಯೇ ಬರ್ಲಿಲ್ಲ."

"ಒಂದು ಪುಸ್ತಕಕ್ಕ ಆಕಿ ಏನು ಮುಳುಗಿ ಹೋಗ್ತಾಳ?"

"ಅನುವಾದ ಮಾಡಿದೋರಿಗೆ ಆ ದುಡ್ಡಿಂದಲೇ ಕೊಡ್ತಾರಕ್ಕ. ಇಂಡಿಯಾ ರೇಟು ಅಲ್ಲಿಯವರಿಗೆ ಅಂತ ಕಮ್ಮಿ ಇಟ್ಟಿರೋದು. ನಾನು ಇಲ್ಲಿ ಸಂಬಳ ತಗೊಂಡು ಅಲ್ಲಿಯವಳು ಅಂತ ಹೇಳ್ಕೋತಿದೀನಿ. ಅಡ್ರೆಸ್ ಬದಲಾಯಿಸಿಬಿಡ್ತೀನಿ."

"ಅಲ್ಲಿಯವರು ಯಾರು, ಇಲ್ಲಿಯವರು ಯಾರು? ನೀ ಎಲ್ಲಿಯಾಕಿ?" ಎಂದೆ.

"ಅದನ್ನೇ ಯೋಚಿಸ್ತಿದೀನಿ" ಎಂದಳು.

ನಾನು ಆ ಹೆಂಗಸಿನ ಮೇಲೆ ಹರಿಹಾಯ್ದೆ. ಕಾಫಿ ಕುಡಿಸಿ ತಲೆ ಕೆಡಿಸಿದಳು ಎಂದೆ. ಕನ್ನಡದ ಪುಸ್ತಕಗಳಿಗೂ ಗೋಡೆ ಕಟ್ಟಿದ್ದಾರಲ್ಲ, ಅದರ ನ್ಯಾಯ ಯಾರು ಕೇಳಬೇಕು ಎಂದೆ. ಆಕೆ ಹಾಗೆ ಅಲ್ಲಿ ಎಲ್ಲಿಯೂ ಸಿಗದ ಪುಸ್ತಕವನ್ನು ಇಲ್ಲಿಂದ ತರಿಸಿಕೊಂಡರೆ ತನಗೆ ಸಂಕೋಚವಿಲ್ಲ ಎಂದಳು. ಕೂಗಾಡಿದ್ದು ನಾನೊಬ್ಬಳೇ. ಕಡೆಗೆ ಸಿಟ್ಟಿನಲ್ಲಿ ಫೋನಿಟ್ಟೆ. ನನಗೆ ಕುದಿಯುತ್ತಿದ್ದದ್ದು ಬೆಲೆಗಾಗಿ ಅಲ್ಲ. ಆಕೆ ಆ ಅಂಗಡಿಗೆ ಪ್ರತಿ ಶನಿವಾರ ಹೋಗುತ್ತಾಳೆ ಎಂದು ಮಾತಿನ ನಡುವೆ ಬಾಯಿಬಿಟ್ಟಿದ್ದಳು. ಅಲ್ಲಿಯೂ ಆಕೆಗೆ ಒಬ್ಬ ಅಕ್ಕ ಸಿಕ್ಕಿದ್ದಳು.

ಮುಂದಿನ ಭಾನುವಾರ ನಾನು ಫೋನ್ ಎತ್ತಲಿಲ್ಲ. ಅದರ ಮುಂದಿನದಕ್ಕೆ ಎತ್ತಿದೆ, ಇಲ್ಲದಿದ್ದರೆ ನನಗೇ ಅನ್ನ ಇಳಿಯುತ್ತಿರಲಿಲ್ಲ. ವಿಳಾಸದ ಮಾತನ್ನು ಇಬ್ಬರೂ ಎತ್ತಲಿಲ್ಲ. "ಮಳೆಗಾಲ ಮುಗಿಯೋ ಹೊತ್ತಿಗೆ ಬರ್ತಿದೀನಿ ಅಕ್ಕ, ಆಗ ಕೂತು ಮಾತಾಡೋಣ" ಎಂದಳು. ನಾನು ಕೇಳಿಸಿಕೊಂಡದ್ದು 'ಬರ್ತಿದೀನಿ' ಎಂಬುದನ್ನು ಮಾತ್ರ. ಆಕೆಯ ಮನೆಯನ್ನು ಸಾರಿಸಿ, ಪರದೆ ಒಗೆದು, ಡಬ್ಬಿಗಳಿಗೆ ಬೇಳೆ ಅಕ್ಕಿ ತುಂಬಿಸಿದೆ. ಹೆಪ್ಪು ಕೂಡ ಒಂದು ಬಟ್ಟಲಲ್ಲಿ ತೆಗೆದಿಟ್ಟೆ.

ಬಂದಳು. ತೆಳ್ಳಗಾಗಿದ್ದಳು, ಕೂದಲು ಗಿಡ್ಡ ಮಾಡಿಸಿದ್ದಳು, ನಗು ಮಾತ್ರ ಅದೇ. ತುಂಬಿಸಿಟ್ಟ ಡಬ್ಬಿಗಳನ್ನು ನೋಡಿ ಮುಖ ಆ ಕಡೆ ತಿರುಗಿಸಿದಳು. ಮರುದಿನ ಖಣ ಬೇಕು ಎಂದು ನನ್ನ ಜೊತೆ ಅಂಗಡಿಗೆ ಹೊರಟಳು. ಯಜಮಾನರು ಆಕೆಯನ್ನು ಕಂಡು ಗಾದಿಯಿಂದ ಎದ್ದೇ ನಿಂತರು, ನೀರು ತರಿಸಿದರು, ಕಪಾಟಿನ ಒಳ್ಳೊಳ್ಳೆಯ ಖಣಗಳನ್ನೆಲ್ಲ ಹರವಿದರು. ಆಕೆ ಒಂದು ಹಸಿರು ಖಣ ಆರಿಸಿದಳು.

"ಯಾರಿಗೆ?" ಎಂದೆ.

"ಆ ಪುಸ್ತಕದಂಗಡಿಯವರಿಗೆ. ಗೋಡೆಗೆ ಹಾಕ್ಕೋತಾರಂತೆ, ಫ್ರೇಮ್ ಮಾಡಿ."

ಕುಪ್ಪಸದ ಖಣ ಗೋಡೆಗೆ! ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ಯಜಮಾನರ ಕಡೆ ತಿರುಗಿ, "ಭಾವ, ನನಗೆ ಹೊರಗಿನವರ ದರ ಹೇಳಿ" ಎಂದಳು.

ಯಜಮಾನರು ಆಕೆಯನ್ನು ದಿಟ್ಟಿಸಿ ನೋಡಿದರು. ನಾನು ಕಣ್ಣಿನಲ್ಲೇ ಬೇಡ ಬೇಡ ಎಂದೆ. ಅವರು ಹೊರಗಿನವರ ದರ ಹೇಳಿದರು. ಒಂದು ರೂಪಾಯಿ ಬಿಡದೆ. ಆಕೆ ಕೊಟ್ಟಳು, ಅವರು ತೆಗೆದುಕೊಂಡು ಗಲ್ಲಾದಲ್ಲಿ ಹಾಕಿ, ಖಣವನ್ನು ಕಾಗದದಲ್ಲಿ ಸುತ್ತಿ ಎರಡೂ ಕೈಯಿಂದ ಕೊಟ್ಟರು.

ರಿಕ್ಷಾದಲ್ಲಿ ನಾನು ಬೆಂಕಿಯಾಗಿದ್ದೆ. "ಈ ಮನಶ್ಯಾಗ ಎದಿನ ಇಲ್ಲ" ಎಂದು ಶುರುಮಾಡಿದೆ. ಆಕೆ ನನ್ನ ಕೈ ಹಿಡಿದುಕೊಂಡಳು.

"ಅವರನ್ನ ಬೈಬೇಡಿ ಅಕ್ಕ. ನಾನು ಅಲ್ಲಿ ಪರ್ಮನೆಂಟ್ ಆದೆ. ಸೈನ್ ಮಾಡಿದೀನಿ. ಈ ಸಲ ಬಂದಿದ್ದು ಫ್ಲಾಟ್ ಮಾರಕ್ಕೆ. ನಿಮ್ಮ ಹತ್ರ ಹೇಳಕ್ಕೆ ಧೈರ್ಯ ಬರ್ಲಿಲ್ಲ. ಅಡ್ರೆಸ್ ಅಡ್ರೆಸ್ ಅಂತ ಅದನ್ನೇ ಹೇಳ್ತಿದ್ದೆ, ನಿಮಗೆ ಪುಸ್ತಕದ ಮಾತು ಅನಿಸ್ತು."

"ಅಲ್ಲಿ ಛಲೋ ಅನಸ್ತದೇನು ನಿನಗ?"

"ಮೊದಲು ಅನಿಸ್ತಿರಲಿಲ್ಲ. ಈಗ ಅನಿಸತ್ತೆ ಅಕ್ಕ. ಅದೇ ನನಗೆ ಹೆದರಿಕೆ ಆಗ್ತಿತ್ತು."

ಮಗರಪಟ್ಟಾದ ಸಿಗ್ನಲ್ಲಿನಲ್ಲಿ ರಿಕ್ಷಾ ಬಹಳ ಹೊತ್ತು ನಿಂತಿತು. ನನ್ನ ವಾದವೆಲ್ಲ ನಿಂತದ್ದು ಆಕೆ ಬರುತ್ತಾಳೆ ಎಂಬ ಒಂದು ಮಾತಿನ ಮೇಲೆ. ಅದೇ ಹೋದ ಮೇಲೆ ನಮ್ಮ ಮನೆ ನಂಬರಿನ ಮೇಲಿನ ಆಕೆಯ ಹೆಸರು ಸುಳ್ಳೇ ಆಯಿತು. ಆ ಸುಳ್ಳನ್ನು ನಾನು ಎಷ್ಟು ಪ್ರೀತಿಯಿಂದ ಸಾಕಿದ್ದೆ ಎಂದು ನೆನೆದು ಸಂಕಟವಾಯಿತು.

ಆಕೆಗೆ ಹೊರಗಿನವರ ದರ ಯಾಕೆ ಹೇಳಿದಿರಿ ಎಂದು, ಮನೆಗೆ ಬಂದ ಯಜಮಾನರನ್ನು ಕೇಳಿಯೇಬಿಟ್ಟೆ.

"ಬಾಯಿ ಬಿಟ್ಟು ಕೇಳಿದ್ಲು. ಇಲ್ಲಾ ನೀ ನಮ್ಮಾಕಿ ಅಂತ ದರ ಇಳಿಸಿದ್ರ ಆಕಿ ಮಾತಿಗೆ ಏನು ಕಿಮ್ಮತ್ತು ಉಳೀತು?" ಎಂದರು. ಕೈಕಾಲು ತೊಳೆದು ಬಂದು, ಟವೆಲು ಹೆಗಲ ಮೇಲೆ ಹಾಕಿಕೊಳ್ಳುತ್ತ, "ಅಂಗಡ್ಯಾಗ ಎರಡ ದರ ಅದಾವ. ಮನ್ಯಾಗ ನೀ ಏನ್ ಕೊಡ್ತಿ, ಕೊಡು. ಅದಕ್ಕ ದರ ಇಲ್ಲ" ಎಂದರು. ಅವರ ಕಣ್ಣೂ ತುಂಬಿತ್ತು. ಆ ಮನುಷ್ಯನಿಗೆ ಎದೆಯಿಲ್ಲ ಎಂದು ಬೈದದ್ದಕ್ಕೆ ನನಗೆ ನಾಚಿಕೆಯಾಯಿತು.

ಫ್ಲಾಟಿನ ವ್ಯವಹಾರ ಬೇಗ ಮುಗಿಯಿತು. ಡಬ್ಬಿಯ ಬೇಳೆ ಅಕ್ಕಿ ಮತ್ತೆ ನಮ್ಮ ಮನೆಗೇ ಬಂತು, ಕಾಗದದ ಪುಸ್ತಕಗಳೆಲ್ಲ ನಮ್ಮ ಪಡಸಾಲೆಯ ಕಪಾಟಿಗೆ ಬಂದವು, ಪೆನ್ಸಿಲಿನ ಗೆರೆಗಳ ಸಮೇತ. ಆಕೆಯ ಬಾಗಿಲಿಗೆ ಲಾತೂರಿನ ಕಡೆಯ ಒಂದು ಸಂಸಾರ ಬರುವುದೆಂದು ಗೊತ್ತಾಯಿತು. ಕೀಲಿ ನನ್ನಿಂದ ತೆಗೆದುಕೊಳ್ಳುವಾಗ ಆಕೆ, ನಾನು ಅದಕ್ಕೆ ಕಟ್ಟಿದ್ದ ಕೆಂಪು ದಾರವನ್ನು ಬಿಚ್ಚಿ ತನ್ನ ಪರ್ಸಿನಲ್ಲಿಟ್ಟುಕೊಂಡಳು.

ಹೊರಡುವ ದಿನ ಮಧ್ಯಾಹ್ನ ಮುಂಬಯಿಗೆ ಟ್ಯಾಕ್ಸಿ. ನಾನು ಟ್ರಂಕಿನಿಂದ ನೀಲಿ ಖಣ ತೆಗೆದೆ. ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಅರಿಷಿಣದ ಕೊಂಬು. ಮಣೆ ಹಾಕಿ, "ಬಾ, ಕುಂಡ್ರು" ಎಂದೆ. ಬೇಡ ಎನ್ನಲಿ ಎಂದು ಎಷ್ಟು ಆಸೆಪಟ್ಟೆನೋ ದೇವರಿಗೇ ಗೊತ್ತು. ಹಿಂದಿನ ಸಲದಂತೆ ಉಡಿ ಗಿಡಿ ಯಾಕೆ ಅಕ್ಕ, ಬರ್ತೀನಲ್ಲ ಎನ್ನಲಿ ಎಂದು.

ಆಕೆ ಬಂದು ಮಣೆಯ ಮೇಲೆ ಕೂತಳು. ದುಪಟ್ಟಾವನ್ನು ಮಡಿಲಲ್ಲಿ ಹರಡಿ ಎರಡೂ ಕೈಯಿಂದ ಹಿಡಿದಳು.

ಐದು ಸಲ ಬೊಗಸೆ ತುಂಬಿ ಹಾಕಿದೆ. ಖಣ ಇಟ್ಟೆ, ಕಾಯಿ ಇಟ್ಟೆ, ಕುಂಕುಮ ಹಚ್ಚಿದೆ. ಆಕೆ ಉಡಿಯಿಂದ ನಾಲ್ಕು ಕಾಳು ಅಕ್ಕಿ ತೆಗೆದು ಮತ್ತೆ ನನ್ನ ಮೊರಕ್ಕೆ ಹಾಕಿದಳು, ತವರು ಬರಿದಾಗಬಾರದೆಂದು ಹಾಕುತ್ತಾರಲ್ಲ, ಹಾಗೆ. ಇದನ್ನು ನಾನು ಆಕೆಗೆ ಹೇಳಿಕೊಟ್ಟಿರಲಿಲ್ಲ.

"ರಜೆ ಸಿಕ್ಕಾಗೆಲ್ಲ ಬರ್ತೀನಿ ಅಕ್ಕ" ಎಂದಳು.

"ಲೋಣಾವಳಾದಾಗ ಗಾಡಿ ನಿಲ್ಸಿ ಚಿಕ್ಕಿ ತಗೋ. ಆ ನಿನ್ನ ಅಂಗಡಿಯಾಕಿಗೂ ಒಂದು ಡಬ್ಬಿ ಒಯ್ಯಿ" ಎಂದೆ. ಹೇಳಿದ್ದು ನಾನೇ ಎಂದು ನನಗೇ ನಂಬಿಕೆಯಾಗಲಿಲ್ಲ.

ಚೀಲಗಳು ಕೆಳಗಿಳಿದವು. ಆಕೆ ಇನ್ನೊಂದು ಕೆಲಸ ಉಳಿದಿದೆ ಎಂದು ಟ್ಯಾಬ್ ತೆಗೆದುಕೊಂಡು ಊಟದ ಮೇಜಿಗೆ ಬಂದಳು. ಬೆಲ್ಜಿಯಮ್ಮಿನ ವಿಳಾಸವನ್ನು ಆಗಲೇ ತುಂಬಿಸಿದ್ದಳು. ಇನ್ನು ಆ ಖಾತೆ ಅಲ್ಲಿಯದು. ನನ್ನ ಹೆಸರಿನಲ್ಲಿ ಬೇರೆ ಖಾತೆ ತೆರೆದುಕೊಟ್ಟು, ನಾವು ಅರ್ಧ ಓದಿದ್ದ ಪುಸ್ತಕವನ್ನು ನನಗಾಗಿ ಇಲ್ಲಿಯ ದರಕ್ಕೇ ಕೊಂಡು ಇಟ್ಟಿದ್ದಳು. ಭಾನುವಾರ ಎಂದಿನಂತೆ ಓದೋಣ ಎಂದಳು. ಅದರ ಪುಟಗಳನ್ನು ಸರಿಸಿ ನೋಡಿದೆ. ಚಪ್ಪಲಿಯ ಸಾಲಿಲ್ಲ, ಒಗ್ಗರಣೆಯ ಸಾಲಿಲ್ಲ, ಎಲ್ಲಿಯೂ ಒಂದು ಹಳದಿ ಗೆರೆಯಿಲ್ಲ. ಎಲ್ಲ ಪುಟಗಳೂ ಬೆಳ್ಳಗೆ, ನಾನು ಯಾವಾಗಲೂ ಬೇಕೆನ್ನುತ್ತಿದ್ದ ಹಾಗೆ.

ಆಕೆ ತನ್ನ ಖಾತೆಯನ್ನು ಮತ್ತೆ ತೆರೆದು ನನ್ನ ಮುಂದೆ ತಳ್ಳಿದಳು. "ನೀವೇ ಒತ್ತಿ ಅಕ್ಕ. ಪ್ರತಿ ಸಲ ನೀವೇ ಅಲ್ವಾ ಒತ್ತಿದ್ದು."

ನೀವು ದೇಶ ಬದಲಾಯಿಸಿದ್ದೀರಾ ಎಂದು ಕೇಳುತ್ತಿತ್ತು. ಕೆಳಗೆ ಹೌದು, ಇಲ್ಲ ಎಂಬ ಎರಡು ಗುಂಡಿ. ಆಕೆ ಉಡಿಯನ್ನು ಎದೆಗವಚಿಕೊಂಡು ಪಕ್ಕದಲ್ಲಿ ನಿಂತಿದ್ದಳು, ಒಂದು ಕಾಳೂ ಚೆಲ್ಲದಂತೆ.

ನಾನು ಹೌದು ಎಂದು ಒತ್ತಿದೆ. ಕೆಳಗೆ ಟ್ಯಾಕ್ಸಿಯವನು ಆಗಿನಿಂದ ಹಾರ್ನ್ ಹೊಡೆಯುತ್ತಿದ್ದ, ಆಕೆ ಚಪ್ಪಲಿ ಮೆಟ್ಟಿಕೊಂಡಳು.